ಹದಿಮೂರನೇ ಗಡಿಗೆ

“ಹದಿಮೂರನೇ ಗಡಿಗೆ ಯಾರಿಗೆ? ನಮ್ಮ ಕಡೆಯವರನ್ನೆಲ್ಲ ಕುಡುಕರು ಅಂದ್ಕೊಂಡಿದೀರಾ?”

ಕಬಾತೇಸಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರಿಗಿದ್ದ ನ್ಕುಸಿ ಬಾಳೆ ಎಲೆಗಳ ಸಂದಿಯಲ್ಲಿ ಮಿನುಗುತ್ತಿದ್ದ ಸರೋವರ ನೋಡಿದ, ತನ್ನ ಚಪ್ಪಲಿ ನೋಡಿದ, ಕೊನೆಗೆ ಅವಳನ್ನು ನೋಡಿದ. ತಕ್ಷಣ ಮತ್ತೆ ಸರೋವರದ ಕಡೆ ತಿರುಗಿದ.

“ಲೆಕ್ಕದಲ್ಲಿ ಒಂದು ಹೆಚ್ಚಿಗೆ ಇರ್ಲಿ,” ಎಂದ ಮೆಲ್ಲಗೆ.

ಅವಳ ಅಕ್ಕನನ್ನು ಮದುವೆಯಾಗಲಿದ್ದವನ ಗೆಳೆಯ ಈತ. ಆರತಕ್ಷತೆಯ ಪಾನೀಯದ ಉಸ್ತುವಾರಿ ಇವನ ತಲೆಗೆ ಕಟ್ಟಿದ್ದರು. ಬಾಟಲಿ ಬಿಯರು ಎಷ್ಟು, ಚರ್ಚಿನವರಿಗೆ ಫ್ಯಾಂಟಾ ಎಷ್ಟು, ಹಿರಿಯರು ಸುತ್ತ ಕೂತು ಕೊಳವೆ ಹಾಕಿ ಹೀರುವ ಬಾಳೆಹಣ್ಣಿನ ಬಿಯರು ಎಷ್ಟು ಗಡಿಗೆ, ಎಲ್ಲ ಇವನೇ ಅಂದಾಜು ಮಾಡಬೇಕು. ಬಾಳೆಹಣ್ಣಿನ ಬಿಯರಿಗೆ ಆ ಗುಡ್ಡದಲ್ಲೆಲ್ಲ ಕಬಾತೇಸಿಯ ಕೈಯೇ ಕೈ. ಹಾಗಾಗಿ ಅವನು ಬರುತ್ತಲೇ ಇದ್ದ. ಒಮ್ಮೆ ಲೆಕ್ಕ ಕೂಡಿಸಲು, ಇನ್ನೊಮ್ಮೆ ಕಳೆಯಲು, ಮತ್ತೊಮ್ಮೆ ಸುಮ್ಮನೆ ನೀರು ಕೇಳಲು. ಪ್ರತಿ ಸಲವೂ ಆ ಒಂದು ಗಡಿಗೆ ಮಾತ್ರ ಉಳಿದೇ ಇರುತ್ತಿತ್ತು.

ಅವನು ಇಳಿದು ಹೋಗುವ ದಾರಿಯನ್ನು ನೋಡುತ್ತ ನಿಲ್ಲುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಣ್ಣು ಹಿಸುಕುವಾಗ, ಜೋಳದ ಹಿಟ್ಟು ಬೆರೆಸುವಾಗ, ಅವನ ಆ ಅರ್ಧ ನಗು ನೆನಪಾಗಿ ಕೈ ನಿಂತುಬಿಡುತ್ತಿತ್ತು.

“ಹುಳಿ ಬರೋದು ಗಡಿಗೆಗೆ ಕಣೇ, ನಿನಗಲ್ಲ,” ಎಂದು ಸೋದರತ್ತೆ ಬೆಲಾನ್ಸಿಲ್ ಛೇಡಿಸಿದಳು. ಆಮೇಲೆ ದನಿ ತಗ್ಗಿಸಿ ಎಚ್ಚರಿಸಿದಳು. ಮದುವೆಯ ಮರುದಿನ, ಭಾನುವಾರ, ಆಚೆ ಗುಡ್ಡದ ವ್ಯಾಪಾರಿಯ ಮನೆಯವರು ಕಬಾತೇಸಿಯನ್ನು ಮಗನಿಗೆ ಕೇಳಿ ಬಾಗಿಲು ಹಿಡಿಯಲು ಬರುವವರಿದ್ದರು. ಹುಡುಗನ ಹಿರಿಯರು ಬಿಯರು ತಂದು, ಅಪ್ಪ ಅದನ್ನು ಗುಟುಕರಿಸಿದನೆಂದರೆ ಮುಗಿಯಿತು. ಆಮೇಲೆ ಬೇರೆ ಯಾರಿಗೂ ಆ ಬಾಗಿಲಿಲ್ಲ.

ಕಬಾತೇಸಿಗೆ ಅಳು ಬಂತು. ನ್ಕುಸಿ ಒಂದು ಮಾತು ಆಡಬಾರದೇ? ಲೆಕ್ಕ, ಲೆಕ್ಕ, ಬರೀ ಲೆಕ್ಕ.

ಮದುವೆಯ ಮಧ್ಯಾಹ್ನ ಅಂಗಳವೆಲ್ಲ ಬಿಳಿ, ಹಳದಿ ಬಟ್ಟೆಗಳ ಹೊಳಪು. ಡೋಲಿನ ಸದ್ದಿಗೆ ಗಾಳಿಯೂ ಮೆಲ್ಲಗೆ ಕುಣಿಯುತ್ತಿದ್ದಂತಿತ್ತು. ಆದರೆ ನ್ಕುಸಿಯ ಅಂದಾಜು ಒಂದೇ ಕಡೆ ಎಡವಿತ್ತು. ಚರ್ಚಿನ ಗಾಯಕರ ತಂಡವನ್ನು ಅವನು ಪೂರ್ತಿ ಫ್ಯಾಂಟಾದ ಲೆಕ್ಕಕ್ಕೆ ಹಾಕಿದ್ದ. ಅವರು ಕೈಯಲ್ಲಿ ಫ್ಯಾಂಟಾ ಹಿಡಿದೇ, ಪಾದ್ರಿ ಅತ್ತ ತಿರುಗಿದಾಗೆಲ್ಲ ಹಿರಿಯರ ಗಡಿಗೆಗೆ ಕೊಳವೆ ಇಳಿಸಿದರು. ಕಿತ್ತಳೆ ಬಾಟಲಿಗಳು ಹಾಗೇ ಉಳಿದವು, ಹನ್ನೆರಡು ಗಡಿಗೆಗಳೂ ಬರಿದಾದವು. ನ್ಕುಸಿಯ ದೊಡ್ಡಪ್ಪನೇ ಖಾಲಿ ಕೊಳವೆ ಆಡಿಸುತ್ತ, ವರನ ಮನೆಯವರಿಗೆ ಇಷ್ಟು ಬಡತನ ಬಂತೇ ಎಂದು ಎಲ್ಲರಿಗೂ ಕೇಳುವಂತೆ ಅಂದ.

ನ್ಕುಸಿ ಹದಿಮೂರನೇ ಗಡಿಗೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ತಾನೇ ಹೊತ್ತು ತಂದು ಹಿರಿಯರ ನಡುವೆ ಇಟ್ಟ. ಅವನ ಮುಖ ಬಾಡಿತ್ತು.

ಕಬಾತೇಸಿ ಅವನನ್ನು ಬಾಳೆತೋಟದ ಅಂಚಿನಲ್ಲಿ ಹಿಡಿದಳು. “ನೋಡಿ, ನಿಮ್ಮ ಲೆಕ್ಕವೇ ಸರಿ ಆಯ್ತು. ಇನ್ನೂ ಯಾಕೆ ಸಪ್ಪಗಿದೀರಿ?”

“ಅದು ಮದುವೆ ಲೆಕ್ಕದ್ದಲ್ಲ. ನನ್ನ ಸ್ವಂತದ್ದು.”

“ನಿಮಗೆ ಒಂದು ಗಡಿಗೆ ಬಿಯರ್ ಯಾಕೆ?”

ಅವನು ಒಣ ಎಲೆಯೊಂದನ್ನು ಹರಿಯುತ್ತ ನಿಂತ. “ನಿಮ್ಮಪ್ಪ ಮಗಳು ಮಾಡಿದ್ದು ಬಿಟ್ಟು ಬೇರೆ ಬಿಯರ್ ಬಾಯಿಗಿಡಲ್ಲ ಅಂತ ಊರಿಗೇ ಗೊತ್ತು. ನಾಳೆ ಬೆಳಿಗ್ಗೆ, ಆ ವ್ಯಾಪಾರಿ ಮನೆಯವರು ಬರೋಕೆ ಮುಂಚೆ, ದೊಡ್ಡಪ್ಪನ ಕೈಲಿ ಅದನ್ನ ನಿಮ್ಮ ಬಾಗಿಲಿಗೆ ಕಳಿಸಬೇಕು ಅಂತಿದ್ದೆ. ಈಗ ಹೊಸದು ಹುಳಿ ಬರೋಷ್ಟರಲ್ಲಿ ನೀನು ಆಚೆ ಗುಡ್ಡದವಳು.”

ಮೊದಲ ಸಲ ಅವನು ನೀನು ಎಂದಿದ್ದ. ಕಬಾತೇಸಿಯ ಎದೆ ತುಂಬಿ ಬಂತು. ತಾನು ಇಷ್ಟು ದಿನ ಜಗಳವಾಡಿ ಬೇಡವೆಂದಿದ್ದು ತನಗಾಗಿಯೇ ಇಟ್ಟ ಗಡಿಗೆಯನ್ನು!

“ನನ್ನ ಬಾಗಿಲು ಹಿಡಿಯೋ ಬಿಯರನ್ನ ನನ್ನ ಕೈಲೇ ಮಾಡಿಸಿದ್ರಾ?”

“ಬೇರೆ ದಾರಿ ಇತ್ತಾ?”

ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಬಿಯರು ಸಾಲದೇ ಹೋದರೆ ಜನ ಬೈಯುವುದು ಲೆಕ್ಕ ಹಾಕಿದವನನ್ನಲ್ಲ, ಮಾಡಿದವಳನ್ನು. ಹನ್ನೆರಡೇ ಸಾಕೆಂದು ಹಟ ಹಿಡಿದವಳು ತಾನೂ ಗುಟ್ಟಾಗಿ ಇನ್ನೊಂದು ಮಾಡಿ ಅಡುಗೆಮನೆ ಹಿಂದೆ ಎಲೆ ಮುಚ್ಚಿಟ್ಟಿದ್ದಳು. ಗಡಿಬಿಡಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

“ಹದಿನಾಲ್ಕನೇದಿದೆ,” ಎಂದಳು. “ನಿಮ್ಮ ದೊಡ್ಡಪ್ಪನ ಕಣ್ಣಿಗೆ ಮಾತ್ರ ಈಗಲೇ ಬೀಳಬಾರದು.”

ಮರುದಿನ ಬೆಳಿಗ್ಗೆ ಸರೋವರದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ನ್ಕುಸಿಯೊಂದಿಗೆ ಬಂದ ದೊಡ್ಡಪ್ಪ ಗಡಿಗೆಯನ್ನು ಅಂಗಳದಲ್ಲಿಳಿಸಿ, ತಾನು ಮೊದಲು ರುಚಿ ನೋಡಿ, ಕೊಳವೆಯನ್ನು ಕಬಾತೇಸಿಯ ಅಪ್ಪನಿಗೆ ಕೊಟ್ಟ. ಅಪ್ಪ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದ. ಬಾಗಿಲ ಹಿಂದೆ ಅವಳು ಸಂದಿಗೆ ಕಣ್ಣಿಟ್ಟು ನಿಂತಿದ್ದಳು.

“ಇದು ನಮ್ಮನೇದೇ ಅಲ್ವಾ?” ಎಂದ ಅಪ್ಪ.

ನ್ಕುಸಿ ತನ್ನ ಚಪ್ಪಲಿ ನೋಡಿಕೊಂಡ.

ಅಪ್ಪ ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ಮಗಳ ಸೆರಗನ್ನು ಒಮ್ಮೆ ನೋಡಿದ, ಕೊಳವೆಗೆ ಮತ್ತೆ ಬಾಯಿಟ್ಟು ದೀರ್ಘವಾಗಿ ಹೀರಿದ. ಆಮೇಲೆ ಬೆಲಾನ್ಸಿಲಳನ್ನು ಕರೆದು, ಆಚೆ ಗುಡ್ಡದವರು ಬಂದರೆ ಫ್ಯಾಂಟಾ ಕೊಟ್ಟು ಕಳಿಸಬೇಕೆಂದು ಹೇಳಿದ.