ತಾರಸಿಯ ಮೇಲೆ ನಾಲ್ಕು ರಿಬ್ಬನ್

"ಇನ್ನೂ ಮೇಲೆ ಅಪ್ಪಾ, ಇನ್ನೂ ಮೇಲೆ."

ತಾರಸಿಯ ಮೇಲೆ ನಿಂತು ರೇಡಿಯೋ ಕೂಗುತ್ತಿದ್ದಳು. ಅವಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಅದು. ಅಪ್ಪ ಏಣಿ ಹತ್ತಿ ಬಿದಿರಿನ ಕಂಬದ ತುದಿಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದರು.

"ಮೇಲೆ ಅಂದ್ರೆ ಆಕಾಶಕ್ಕಾ? ಅರ್ಜಿಯಲ್ಲಿ ಹತ್ತು ಅಡಿ ಅಂತ ಬರೆದಿದೀವಿ. ಹತ್ತೇ ಅಡಿ."

ಕೆರೆ ಪಕ್ಕದ ಮನೆಗಳಿಗೆ ಹಾಗೊಂದು ನಿಯಮವಿತ್ತು. ತಾರಸಿಯ ಮೇಲೆ ಕೋಣೆ ಬೇಕಾದರೆ ಅದರ ನಾಲ್ಕು ಮೂಲೆಗೂ ಅಷ್ಟೇ ಎತ್ತರದ ಕಂಬ ನಿಲ್ಲಿಸಿ ರಿಬ್ಬನ್ ಕಟ್ಟಬೇಕು. ಸುತ್ತಲಿನವರು ಹದಿನೈದು ದಿನ ನೋಡಬೇಕು. ಬೇಡ ಅನ್ನುವವರು ಮರುದಿನ ಪುರಸಭೆಯ ಆಫೀಸಿಗೆ ಬಂದು ಹೇಳಬೇಕು. ಯಾರೂ ಬೇಡ ಅನ್ನದಿದ್ದರೆ ಅನುಮತಿ.

ಆ ಕೋಣೆ ರೇಡಿಯೋಗೆ. ಈಗ ಅವಳು ಮಲಗುವುದು ಅವಳಿ ತಮ್ಮಂದಿರ ಜೊತೆ. ಒಬ್ಬ ಅಳು ನಿಲ್ಲಿಸಿದರೆ ಇನ್ನೊಬ್ಬ ಶುರು. ಅವಳ ನೋಟ್‌ಬುಕ್ಕಿನಲ್ಲಿ ಹಾಲು ಚೆಲ್ಲದ ಪುಟವೇ ಇಲ್ಲ. ಹೊಸ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಇಡೀ ಕೆರೆ! ನೆನೆಸಿಕೊಂಡರೆ ಸಾಕು, ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೋಣೆ ನೋಡಲು ಬನ್ನಿ ಎಂದು ಅರ್ಧ ಕ್ಲಾಸಿಗೆ ಆಗಲೇ ಕರೆ ಹೋಗಿತ್ತು.

ಹದಿನೈದನೇ ದಿನ ಸಂಜೆ, ರಿಬ್ಬನ್ ದೂರದಿಂದ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡೋಣ ಎಂದು ಅವಳು ಹಿಂದಿನ ಮನೆಗೆ ಓಡಿದಳು. ಅಲ್ಲಿ ಮಹಡಿಯ ಮೇಲೆ ಡ್ರೈವರ್ ತಾತ ಇದ್ದರು. ನಲವತ್ತು ವರ್ಷ ಬಸ್ ಓಡಿಸಿದವರು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮೆಟ್ಟಿಲು ಇಳಿದಿರಲಿಲ್ಲ. ಕಿಟಕಿಯ ಮುಂದೆ ಕೂತು ಕೆರೆ ನೋಡುವುದೇ ಈಗ ಅವರ ಡ್ಯೂಟಿ. ಯಾವ ದೋಣಿ ಎಷ್ಟು ಗಂಟೆಗೆ ಹೊರಟಿತು, ಯಾವುದು ಲೇಟು, ಎಲ್ಲ ಅವರಿಗೆ ಬಾಯಿಪಾಠ.

ಇವತ್ತು ಅವರ ಕುರ್ಚಿ ಗೋಡೆಯ ಮೂಲೆಗೆ ಹೋಗಿತ್ತು.

"ಯಾಕೆ ತಾತ, ಅಲ್ಲಿ ಕೂತಿದೀರಿ?"

"ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಕಣಮ್ಮ."

ರೇಡಿಯೋ ಕುರ್ಚಿಯ ಹಳೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬಿಸಿಲೇ ಇರಲಿಲ್ಲ, ಮೋಡ ಕವಿದಿತ್ತು. ಕಿಟಕಿಯ ತುಂಬ ಅವಳ ನಾಲ್ಕು ರಿಬ್ಬನ್‌ಗಳೇ ಪಟಪಟ ಹಾರುತ್ತಿದ್ದವು. ಅವುಗಳ ನಡುವೆ ಗೋಡೆ ಎದ್ದರೆ ಕೆರೆ ಪೂರ್ತಿ ಮಾಯ. ಮೂಲೆಯಿಂದ ಇಣುಕಿದರೆ ಒಂದು ಗೇಣು ನೀರು ಕಂಡೀತು, ಅಷ್ಟೆ.

ತಾತ ನಗುತ್ತಾ, ಅಪ್ಪನ ಕಾಗದಕ್ಕೆ ಒಪ್ಪಿಗೆಯ ಸೈನ್ ಹಾಕಿಕೊಟ್ಟಿದ್ದೇನೆ ಎಂದರು. ರೂಮು ಜೋರಾಗಿ ಆಗಲಿ ಎಂದೂ ಸೇರಿಸಿದರು.

ರೇಡಿಯೋ ಮನೆಗೆ ಬಂದು ಅಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ. ತಾತನೇ ಸೈನ್ ಹಾಕಿದ ಮೇಲೆ ನನಗೇನು ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಮಾತಿಲ್ಲದೆ ಊಟ ಮಾಡಿದ್ದು ನೋಡಿ ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಮರುದಿನ ಅಪ್ಪ ಅವಳನ್ನೂ ಆಫೀಸಿಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಕೆರೆಯ ದೊಡ್ಡ ಮ್ಯಾಪ್, ಬೆಂಚುಗಳ ತುಂಬ ಜನ. ಆಫೀಸರ್ ಮೇಡಂ ಇವರ ಫೈಲು ತೆಗೆದರು. ಪೆನ್ನಿನ ಮುಚ್ಚಳವನ್ನೂ ತೆಗೆದರು.

"ಈ ಮನೆ ಬಗ್ಗೆ ಯಾರದಾದರೂ ಆಕ್ಷೇಪಣೆ ಇದೆಯಾ?"

ಯಾರ ಕೈಯೂ ಏಳಲಿಲ್ಲ. ಇನ್ನೊಂದೇ ನಿಮಿಷ, ಕೋಣೆ ಅವಳದು. ಅಷ್ಟರಲ್ಲಿ ಅವಳ ಕೈ ಮೇಲೆದ್ದಿತು. ಟಾಯ್ಲೆಟ್ ಬಲಗಡೆ ಇದೆ ಎಂದು ಅಪ್ಪ ಕಿವಿಯಲ್ಲಿ ಹೇಳಿದರು.

"ನನ್ನ ಆಕ್ಷೇಪಣೆ ಇದೆ, ಮೇಡಂ."

"ನಿಮ್ಮ ಮನೆ ಯಾವುದಮ್ಮ?"

"ಇದೇ."

ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ. ರೇಡಿಯೋ ತಾತನ ಕಿಟಕಿಯ ವಿಷಯ ಗಡಗಡನೆ ಒಪ್ಪಿಸಿದಳು. ಅಪ್ಪ ಗಾಬರಿಯಿಂದ, "ಅವರು ಸೈನ್ ಹಾಕಿದಾರಲ್ಲೇ" ಎಂದರು.

"ಸೈನ್ ಹಾಕಿದಾರೆ ಅಪ್ಪಾ. ಆದ್ರೆ ಕುರ್ಚಿ ಜರುಗಿಸಿದಾರೆ."

ಮೇಡಂ ಪೆನ್ನು ಕೆಳಗಿಟ್ಟು ನಕ್ಷೆ ಬಿಡಿಸಿದರು. ಕೋಣೆಯನ್ನು ನೀರಿನ ಟ್ಯಾಂಕಿನ ಮೂಲೆಗೆ ತಂದರೆ ಯಾರಿಗೂ ಅಡ್ಡವಾಗದು ಎಂದು ಬೆರಳಿಟ್ಟು ತೋರಿಸಿದರು.

"ಅಲ್ಲಿಂದ ಪಕ್ಕದ ಮನೆ ಮರ ಬಿಟ್ರೆ ಏನೂ ಕಾಣಲ್ಲ ಕಣೇ" ಎಂದರು ಅಪ್ಪ, ಮೆಲ್ಲಗೆ.

"ಗೊತ್ತು."

ಹಾಗೆ ಹೇಳಿ ಅವಳು ಗೋಡೆಯ ಮ್ಯಾಪಿನಲ್ಲಿದ್ದ ಕೆರೆಯನ್ನು ಒಮ್ಮೆ ನೋಡಿದಳು. ಆದರೆ ಅದೇ ಸಂಜೆ ಕಂಬಗಳನ್ನು ಟ್ಯಾಂಕಿನ ಪಕ್ಕಕ್ಕೆ ಎಳೆಯುವಾಗ ಹುರುಪೆಲ್ಲ ವಾಪಸ್ ಬಂತು. ಕೋಣೆ ಅಂದರೆ ಕೋಣೆ, ಮರವಾದರೂ ಸರಿ. ಇನ್ನು ಹದಿನೈದೇ ದಿನ.

ಕೊನೆಯ ರಿಬ್ಬನ್ ಬಿಗಿದದ್ದೇ ತಡ, ಅವಳು ಹಿಂದಿನ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಇಡೀ ಆಫೀಸಿನ ಮುಂದೆ ಎದ್ದು ನಿಂತ ಕತೆಯನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ರೆಡಿ ಮಾಡಿಕೊಂಡಿದ್ದಳು.

ತಾತ ಮತ್ತೆ ಕಿಟಕಿಯ ಮುಂದೆ ಕೂತು ಕೆರೆಯನ್ನು ಕಣ್ತುಂಬ ನೋಡುತ್ತಿದ್ದರು. "ಕಂಬ ಯಾಕೆ ಆ ಕಡೆ ಹೋಯ್ತಮ್ಮ? ನನ್ನಿಂದ ಏನಾದ್ರೂ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರ ಮುಖ ಸಣ್ಣಗಾಗಿತ್ತು.

ರೇಡಿಯೋ ಬಾಯಿ ತೆರೆದಳು. ರೆಡಿ ಮಾಡಿದ ಕತೆಯನ್ನು ನುಂಗಿಕೊಂಡಳು.

"ಮೊದಲಿನ ಜಾಗದಲ್ಲಿ ಗೋಡೆ ಗಟ್ಟಿ ಇಲ್ವಂತೆ ತಾತ. ಆಫೀಸಿನವರೇ ಟ್ಯಾಂಕಿನ ಕಡೆ ಕಟ್ಕೊಳ್ಳಿ ಅಂದ್ರು."

ತಾತ ಅವಳನ್ನೇ ತುಂಬ ಹೊತ್ತು ನೋಡಿದರು.

"ಹೌದಾ? ಒಳ್ಳೇ ಆಫೀಸಿನವರು ಕಣಮ್ಮ."

ಇವರಿಗೆ ಗೊತ್ತಾಗಿಬಿಟ್ಟಿದೆ ಎಂದು ರೇಡಿಯೋಗೆ ಗೊತ್ತಾಯಿತು. ಆದರೂ ಇಬ್ಬರೂ ಕೂತು ಆಫೀಸಿನವರನ್ನು ಇನ್ನೂ ಸ್ವಲ್ಪ ಹೊತ್ತು ಹೊಗಳಿದರು.