ಅತ್ತಿಗೆಯ ಕುಂಡದ ಟೊಮೆಟೊ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಹೇಮಗುತ್ತಿ ಎಂಬ ರಾಜ್ಯವಿತ್ತು. ಧೂಳಿಕೇಶನೆಂಬ ಮಾಂತ್ರಿಕ ಎರಡು ತಲೆಯ ಉಡವನ್ನೇರಿ ಬಂದು, ಒಂದು ಹಿಡಿ ಬೂದಿ ಎರಚಿ, ಅಲ್ಲಿನ ನೆಲವನ್ನೆಲ್ಲ ಕಲ್ಲು ಮಾಡಿದ. ಉಳಿದದ್ದು ಮಾಳಿಗೆಗಳ ಮೇಲಿನ ಕುಂಡಗಳ ಮಣ್ಣು ಮಾತ್ರ. ಜನ ಅದರಲ್ಲೇ ಬೆಳೆದು ಉಂಡರು.

ಅಲ್ಲಿ ಮಾಳಿಂಗ ಎಂಬ ಯುವಕನಿದ್ದ. ಅಣ್ಣ ಗುರುಪಾದ, ಅತ್ತಿಗೆ ಸತ್ಯವ್ವರ ಜೊತೆ ಇದ್ದ. ಒಮ್ಮೆ ರಾಜ, "ರುಚಿಯಾದ ಟೊಮೆಟೊ ಬೆಳೆದವರೇ ಅರಮನೆಯ ತೋಟಗಾರ" ಎಂದು ಡಂಗುರ ಸಾರಿಸಿದ. ಮಾಳಿಂಗ ಅತ್ತಿಗೆಯ ಕುಂಡದ ಐದು ಹಣ್ಣು ಕಿತ್ತು ಒಯ್ದು, "ನಾನೇ ಬೆಳೆದೆ ಪ್ರಭು" ಎಂದ. ರಾಜ ತಿಂದು ತಲೆದೂಗಿದ. ಅರಮನೆಯ ಕುಂಡಗಳ ತೋಟಗಾರನ ಹುದ್ದೆ ಮಾಳಿಂಗನಿಗೆ ಸಿಕ್ಕಿತು. ಅತ್ತಿಗೆ ಬರಿದಾದ ಗಿಡ ನೋಡಿದಳು, ಮೈದುನನ ಮುಖ ನೋಡಿದಳು. ಏನೂ ಕೇಳಲಿಲ್ಲ.

ಆ ಹಣ್ಣಿನ ರುಚಿಯ ಸುದ್ದಿ ಧೂಳಿಕೇಶನಿಗೂ ಮುಟ್ಟಿತು. ಅವನು ಆಸ್ಥಾನಕ್ಕೇ ಬಂದ.

"ನೂರು ವರ್ಷದಿಂದ ನನ್ನ ನಾಲಿಗೆ ಸತ್ತಿದೆ. ಬೆಳೆದವರೇ ಕೈಯಾರೆ ಕೊಟ್ಟ ಹಣ್ಣು ರುಚಿಸಿದರೆ ನನ್ನ ಮಂತ್ರವೆಲ್ಲ ಒಡೆಯುತ್ತದೆ. ಮೂರು ಸಲ ಬರುತ್ತೇನೆ. ರುಚಿಸದಿದ್ದರೆ ಒಂದೊಂದು ಸಲಕ್ಕೆ ಒಂದೊಂದು ಬೀದಿ ಜನಸಮೇತ ಕಲ್ಲು. ಮೂರನೆಯ ಸಲ ಊರೇ ಕಲ್ಲು."

"ನಮ್ಮ ಮಾಳಿಂಗನಿದ್ದಾನೆ!" ಎಂದ ರಾಜ. ಮಾಳಿಂಗ ಹೆದರಿದ. ಆದರೂ ನಿಜ ಹೇಳಲಿಲ್ಲ.

ಮೊದಲ ಸಲ ಅವನು ಒಂದೇ ಕುಂಡದಲ್ಲಿ ಆರು ಸಸಿ ನೆಟ್ಟು, ಹೊತ್ತುಹೊತ್ತಿಗೂ ನೀರು ಸುರಿದ. ಧೂಳಿಕೇಶ ಹಣ್ಣು ಕಚ್ಚಿ, "ಬರೀ ನೀರು" ಎಂದು ಉಗಿದ. ಕುಂಬಾರರ ಬೀದಿ ಕಲ್ಲಾಯಿತು.

"ಮಾಳಿಂಗಾ, ನನಗೇನಾದರೂ ಹೇಳೋದಿದೆಯಾ?" ಎಂದಳು ಅತ್ತಿಗೆ.

"ಏನಿಲ್ಲ ಅತ್ತಿಗೆ" ಎಂದು ಅವನು ನೆಲ ನೋಡಿದ.

ಎರಡನೆಯ ಸಲ ಅಂಗೈಯಗಲದ ಚೆಂದದ ಕುಂಡ ತಂದು, ಹಸಿ ಗೊಬ್ಬರ ತುಂಬಿ, ಅರಮನೆಯ ನೆರಳಲ್ಲಿಟ್ಟ. ಎಲೆ ಸೊಕ್ಕಿ ಬೆಳೆಯಿತು. ಸಿಕ್ಕ ಒಂದೇ ಹಣ್ಣಿನ ತಳ ಕಪ್ಪಾಗಿತ್ತು. "ಹುಲ್ಲು ತಿಂದ ಹಾಗಿದೆ" ಎಂದ ಧೂಳಿಕೇಶ. ನೇಕಾರರ ಬೀದಿ ಕಲ್ಲಾಯಿತು. ಆ ಬೀದಿಯಲ್ಲಿ ಮಗ್ಗದ ಮುಂದಿದ್ದ ಗುರುಪಾದ ಕೂತಲ್ಲೇ ಕಲ್ಲಾದ.

ಮಾಳಿಂಗ ಮನೆಗೆ ಹೋದ. ಹೊಸಿಲು ದಾಟಲು ಕಾಲು ಬರಲಿಲ್ಲ. ಹೊರಗೇ ನಿಂತು ಅತ್ತ.

"ಅತ್ತಿಗೆ, ಆ ಹಣ್ಣು ನಿಮ್ಮದು. ನಾನು ಕದ್ದೆ. ಅಣ್ಣನನ್ನು ಕಲ್ಲು ಮಾಡಿದ್ದು ನಾನೇ."

"ಕದ್ದ ದಿನವೇ ಗೊತ್ತಿತ್ತು" ಎಂದಳು ಸತ್ಯವ್ವ. "ನೀನೇ ಹೇಳಲಿ ಅಂತ ಕಾದೆ. ಕಾಯಬಾರದಿತ್ತು. ನನ್ನದೂ ತಪ್ಪಿದೆ." ಕಣ್ಣೊರೆಸಿಕೊಂಡು ಎದ್ದಳು. "ಮೊಣಕೈ ಆಳದ ಕುಂಡ ತಾ. ತಳಕ್ಕೆ ತೂತಿರಲಿ."

ಅವಳು ಕೆಂಪು ಮಣ್ಣು, ಮರಳು, ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿದಳು. ಕುಂಡಕ್ಕೆ ಒಂದೇ ಸಸಿ. ಕೆಳಗಿನ ಎಲೆ ಚಿವುಟಿ, ಕಾಂಡವನ್ನು ಅರ್ಧದವರೆಗೂ ಹೂತಳು. ದಿನವೆಲ್ಲ ಬಿಸಿಲು ಬೀಳುವಲ್ಲಿಟ್ಟು ಕೋಲು ಕಟ್ಟಿದಳು. ದಿನಾ ಬೆಳಗ್ಗೆ ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ನೀರು ಹಾಕಿದಳು. ಕಾಯಿ ಬಣ್ಣ ತಿರುಗಿದಾಗ ನೀರು ಇನ್ನೂ ಕಡಿಮೆ ಮಾಡಿದಳು. ಕೀಳಲು ಕೈ ಚಾಚಿದ ಮಾಳಿಂಗನನ್ನು ತಡೆದು, "ಗಿಡದಲ್ಲೇ ಹಣ್ಣಾಗಲಿ" ಎಂದಳು.

ಮೂರನೆಯ ಸಲ ಧೂಳಿಕೇಶ ಬಂದ. ಆಸ್ಥಾನ ಕಿಕ್ಕಿರಿದಿತ್ತು. "ಎಲ್ಲಿ, ಕೊಡೋ ಮಾಳಿಂಗ" ಎಂದ ರಾಜ.

ಮಾಳಿಂಗನ ಕಿವಿ ಕೆಂಡವಾಯಿತು. "ಪ್ರಭು, ಇದನ್ನು ಬೆಳೆದವನು ನಾನಲ್ಲ. ಅಂದು ನಿಮಗೆ ಕೊಟ್ಟದ್ದೂ ನನ್ನದಲ್ಲ. ಎರಡೂ ನನ್ನ ಅತ್ತಿಗೆಯದು. ನಾನು ಕಳ್ಳ."

ಯಾರೋ ಥೂ ಎಂದರು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಸತ್ಯವ್ವ ಮುಂದೆ ಬಂದು ಹಣ್ಣು ಕೊಟ್ಟಳು. ಧೂಳಿಕೇಶ ಕಚ್ಚಿದ. ಸಿಹಿ ಬಂತು, ಹಿಂದೆಯೇ ಹುಳಿ ಬಂತು. "ಅಮ್ಮಾ!" ಎಂದು ಕೂಗಿ ಅವನು ಹಿಡಿ ಧೂಳಾಗಿ ಉದುರಿದ. ಹೊರಗೆ ಕಾದಿದ್ದ ಅವನ ಉಡ ಒಂದೇ ತಲೆಯದಾಗಿ ಬೇಲಿಯೊಳಗೆ ನುಸುಳಿತು. ನೆಲ ಮಣ್ಣಾಯಿತು. ಕಲ್ಲಾದವರು ಮೈ ಮುರಿದು ಎದ್ದರು. ರಾಜ ಸತ್ಯವ್ವನಿಗೆ ಅರಮನೆಯ ತೋಟ ಒಪ್ಪಿಸಿದ.

ಗುರುಪಾದ ಮನೆಗೆ ಬಂದು, "ಏನಾಯಿತೋ ತಮ್ಮ?" ಎಂದು ಕೇಳಿದ. ಊರೆಲ್ಲರ ಮುಂದೆ ಹೇಳಿದ್ದಕ್ಕಿಂತ ಅಣ್ಣನೊಬ್ಬನ ಮುಂದೆ ಹೇಳುವುದು ಮಾಳಿಂಗನಿಗೆ ಕಷ್ಟವಾಯಿತು. ಆದರೂ ಒಂದನ್ನೂ ಬಿಡದೆ ಹೇಳಿದ. ಅಣ್ಣ ಪೂರ್ತಿ ಕೇಳಿದ. ಆಮೇಲೆ ಎದ್ದು ಮೂರು ತಟ್ಟೆ ಹಾಕಿ, "ಬಾ, ಉಣ್ಣು" ಎಂದ.

ಹೇಮಗುತ್ತಿಯ ಜನ ಅಂದಿನಿಂದ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಮಾಳಿಂಗನೂ ಉಂಡ. ಆ ದಿನ ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ.