ಅಚ್ಚಾಗದ ಪೇಪರ್‌ಗೆ ಮೂವತ್ತೆಂಟು ಉಲ್ಲೇಖ

ಕಂಪ್ಯೂಟರ್ ವಿಜ್ಞಾನದ ಸಂಶೋಧಕಿ ಗ್ರಂಥಾಲಯಕ್ಕೆ ಬಂದು ಕುರ್ಚಿಯಲ್ಲಿ ಕುಸಿದಳು. ಹಳೆಯ ಪತ್ರಿಕೆಗಳಿಗೆ ರಟ್ಟು ಕಟ್ಟುತ್ತಿದ್ದ ಬೈಂಡರಣ್ಣ ಗೋಂದಿನ ಡಬ್ಬಿ ಮುಚ್ಚಿಟ್ಟ. ಯಾರ ಮೇಲೆ ಅಪವಾದ ಬಂದರೂ ಜನ ಓಡಿಬರುತ್ತಿದ್ದುದು ಇಲ್ಲಿನ ಗ್ರಂಥಪಾಲಕಿಯ ಬಳಿಗೇ. ಅವರಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ ಮೇಡಂ. ಇನ್ನು ಇವತ್ತು ರಟ್ಟು ಕಟ್ಟಿದ ಹಾಗೇ ಎಂದುಕೊಂಡ ಅವನು.

"ನಾಲ್ಕು ಗಂಟೆಗೆ ವಿಚಾರಣೆ ಮೇಡಂ, ಕೆಲಸ ಹೋಗುತ್ತೆ," ಎಂದಳು ಸಂಶೋಧಕಿ. "ಆರೇ ತಿಂಗಳಲ್ಲಿ, ಒಂದೇ ಪತ್ರಿಕೆಯ ಮೂವತ್ತೆಂಟು ಲೇಖನಗಳಲ್ಲಿ ನನ್ನ ಪೇಪರ್‌ಗಳ ಉಲ್ಲೇಖ ಬಂದಿದೆ. ಬಡ್ತಿಗೋಸ್ಕರ ನಾನೇ ಹಾಕಿಸಿಕೊಂಡೆ ಅಂತಾರೆ. ಬರೆದವರ ಮುಖಾನೂ ನೋಡಿಲ್ಲ ನಾನು."

ಅವಳು ತಂದಿದ್ದ ಉಲ್ಲೇಖಗಳ ಪಟ್ಟಿಯ ಮೇಲೆ ಮೇಡಂ ಬೆರಳಾಡಿಸಿದರು. "ಎಲ್ಲರೂ ಇದೇ ಐದು ಪೇಪರ್ ಹೆಸರಿಸಿದ್ದಾರೆ. ಐದನೇದು ನಮ್ಮ ಕಪಾಟಲ್ಲಿ ಇಲ್ವಲ್ಲಮ್ಮ?"

"ಅದು ಅಚ್ಚೇ ಆಗ್ಲಿಲ್ಲ. ಲೆಕ್ಕ ತಪ್ಪಿತ್ತು, ವಾಪಸ್ ತಗೊಂಡೆ. ವಿಭಾಗದ ಸಭೆಯಲ್ಲೇ ಹೇಳಿದೆ. ಮುಖ್ಯಸ್ಥರು ಇಷ್ಟೊಂದು ಸತ್ಯವಂತಿಕೆ ಬೇಡಮ್ಮ ಅಂದ್ರು, ಪಕ್ಕದ ಮೇಜಿನವರು ಮುಸಿಮುಸಿ ನಕ್ಕರು."

"ಅದಕ್ಕೆ ಮುಂಚೆ ಯಾರ್‍ಯಾರಿಗೆ ಕೊಟ್ಟಿದ್ದೆ?"

"ಅವರಿಬ್ಬರಿಗೆ. ಮತ್ತೆ ನಿವೃತ್ತರಾದ ನನ್ನ ಗುರುಗಳಿಗೆ. ಓದಿದೆ, ಬಹಳ ಚೆನ್ನಾಗಿದೆ ಅಂದಿದ್ರು. ತಂದೆ ಸಮಾನ ಅವರು. ಇವತ್ತು ನನ್ನ ಪರ ಮಾತಾಡೋಕೂ ಬರ್ತಿದ್ದಾರೆ."

ಬೈಂಡರಣ್ಣನಿಗಂತೂ ಕಳ್ಳ ಸಿಕ್ಕೇಬಿಟ್ಟಿದ್ದ. "ಮುಸಿಮುಸಿ ನಕ್ಕವನೇ ಮೇಡಂ. ಇದೇ ಬಡ್ತಿಗೆ ಅವನೂ ಬಾಯಿಬಿಟ್ಕೊಂಡು ಕೂತಿದ್ದಾನೆ."

"ಆ ಗೋಂದು ಸ್ವಲ್ಪ ನಿನ್ನ ಬಾಯಿಗೂ ಹಚ್ಕೋ," ಎನ್ನುತ್ತ ಮೇಡಂ ಆ ಲೇಖಕರಲ್ಲಿ ಮೂವರಿಗೆ ಫೋನ್ ಹಚ್ಚಿದರು. ಮೂವರದೂ ಒಂದೇ ಮಾತು: ಅಚ್ಚಿಗೆ ಮುನ್ನ ಲೇಖನ ಓದುವ ಪರಿಶೀಲಕರು ಈ ಐದನ್ನೂ ಸೇರಿಸಿ ಎಂದಿದ್ದರು, ಇಲ್ಲವೆಂದರೆ ಲೇಖನವೇ ಬರುತ್ತಿರಲಿಲ್ಲ, ಪರಿಶೀಲಕರ ಹೆಸರು ಮಾತ್ರ ಗುಟ್ಟು. ಮೇಡಂ ಫೋನ್ ಇಟ್ಟು, "ಆ ಪತ್ರಿಕೆಯ ಹೋದ ವರ್ಷದ ಸಂಪುಟ ಕಟ್ಟಿದ್ಯಲ್ಲ, ತಗೊಂಡು ಬಾ," ಎಂದರು.

ನಾಲ್ಕಕ್ಕೆ ಸಮಿತಿಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಗುರುಗಳು ಶಿಷ್ಯೆಯ ಪಕ್ಕದಲ್ಲೇ ಕೂತಿದ್ದರು.

"ಪೇಪರ್ ವಾಪಸಾದದ್ದು ಸಭೆಯಲ್ಲಿದ್ದವರಿಗೆಲ್ಲ ಗೊತ್ತು," ಎಂದರು ಮೇಡಂ. "ಅದು ಅಚ್ಚಾಗಿದೆ ಅಂತ ಇನ್ನೂ ನಂಬಿ, ಉಲ್ಲೇಖ ಸೇರಿಸಿ ಅಂದವರು ಸಭೆಗೆ ಬರದವರು. ಇಷ್ಟೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ಆದ್ರೆ ವರ್ಷದ ಕೊನೆಯ ಸಂಚಿಕೆಯಲ್ಲಿ ಈ ಪತ್ರಿಕೆಯವರು ಪರಿಶೀಲಕರಿಗೆಲ್ಲ ಧನ್ಯವಾದ ಹೇಳಿ ಹೆಸರು ಹಾಕ್ತಾರೆ. ಮುಖ್ಯಸ್ಥರ ಹೆಸರಿಲ್ಲ, ಪಕ್ಕದ ಮೇಜಿನವರದೂ ಇಲ್ಲ. ಆ ಪೇಪರ್ ನೋಡಿದ್ದ ಮೂವರಲ್ಲಿ ಇಲ್ಲಿರೋದು ಒಬ್ಬರದೇ."

ಬೈಂಡರಣ್ಣ ಸಂಪುಟವನ್ನು ಗುರುಗಳ ಮುಂದೆ ಬಿಚ್ಚಿಟ್ಟ. ತಾನೇ ಕಟ್ಟಿದ ಆ ರಟ್ಟು ಮುಟ್ಟಲು ಅವನಿಗೆ ಹೇಸಿಗೆಯಾಯಿತು.

ಗುರುಗಳು ಸಂಪುಟವನ್ನು ಮೆಲ್ಲಗೆ ಮುಚ್ಚಿದರು. "ಅವಳಿಗೇನೂ ಗೊತ್ತಿಲ್ಲ," ಎಂದರು. "ಇಷ್ಟು ದುಡಿದೂ ಮೂಲೆಗುಂಪಾಗ್ತಾಳಲ್ಲ ಅಂತ ಸಂಕಟವಾಗ್ತಿತ್ತು. ನಾಲ್ಕು ಜನರ ಕಣ್ಣಿಗೆ ಬೀಳಲಿ ಅಂತ ಮಾಡ್ದೆ."

ಸಮಿತಿಯವರು ಅಲ್ಲಿಗೇ ಕಡತ ಮುಚ್ಚಿದರು. ಸಂಶೋಧಕಿಯ ಕೆಲಸ ಉಳಿಯಿತು. ಅವಳ ಮುಖದಲ್ಲಿ ಮಾತ್ರ ಅದರ ಸಂತೋಷವಿರಲಿಲ್ಲ. ಅವಳು ಗುರುಗಳ ಕಡೆ ತಿರುಗಿದಳು.

"ಸರ್, ಆ ಐದನೇ ಪೇಪರ್ ನೀವು ಓದಿದ್ರಾ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ತಪ್ಪು ಎರಡನೇ ಪುಟದಲ್ಲೇ ಇತ್ತು ಸರ್," ಎಂದಳು.